ಒಂದೇ ಲೋಟದಲ್ಲಿ ಎಲ್ಲ ಮದ್ದು

(ಗುರುತು ಸಿಗದಂತೆ ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಬದಿಯಡ್ಕದ ಕಡೆಯ ಅಡಿಕೆ ತೋಟದ ಮನೆಯವರು. ಸರಸ್ವತಿಯಕ್ಕ ಎನ್ನೋಣ, ಅರುವತ್ತರ ಹತ್ತಿರ ವಯಸ್ಸು. ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದದ್ದು ಸೊಸೆ. "ಅತ್ತೆ ಮಾತುಮಾತಿಗೆ ಅಳುತ್ತಾರೆ, ಮಧ್ಯಾಹ್ನವೇ ಮಲಗಿಬಿಡುತ್ತಾರೆ" ಎಂಬುದು ಅವಳ ದೂರು. ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರೂ ರಕ್ತಪರೀಕ್ಷೆಯಲ್ಲಿ, ಥೈರಾಯ್ಡ್ ಸಾಲದಾದಾಗ ಏರುವ ಹಾರ್ಮೋನಾದ ಟಿಎಸ್‌ಎಚ್ ಇಳಿದಿರಲಿಲ್ಲ. ಮಾತ್ರೆಯ ಪ್ರಮಾಣವನ್ನು ಎರಡು ಬಾರಿ ಏರಿಸಿಯಾಗಿತ್ತು.

ಮನಸ್ಸಿನ ವಿಚಾರಕ್ಕೆ ಹೋಗುವ ಮೊದಲು, ಬೆಳಗ್ಗೆ ಎದ್ದ ಮೇಲೆ ಏನೇನು ಮಾಡುತ್ತೀರಿ ಎಂದು ಕೇಳಿದೆ. ಐದು ಗಂಟೆಗೆ ಅರಶಿನ, ಕಾಳುಮೆಣಸು ಹಾಕಿ ಕುದಿಸಿದ ಹಾಲು. ಆ ಹಾಲಿನಲ್ಲೇ ಮಾತ್ರೆ. ಹಿಂದೆಯೇ ಅಮೃತಬಳ್ಳಿ ಕಷಾಯ. "ಒಟ್ಟಿಗೆ ಹೋದರೆ ಒಟ್ಟಿಗೆ ಕೆಲಸ ಮಾಡುವುದಿಲ್ಲವೇ ಡಾಕ್ಟರೇ?" ಎಂದರು. ನಾನು ಡಾಕ್ಟರಲ್ಲ ಎಂದು ಆಗಲೇ ಎರಡು ಬಾರಿ ಹೇಳಿದ್ದೆ.

ನೋವು ಬೇರೆಯೇ ಇತ್ತು. ಬೆಂಗಳೂರಿನ ಮಗ ಮೆಣಸಿನ ಸಾರ ಸೇರಿಸಿದ ಅರಶಿನದ ಕ್ಯಾಪ್ಸೂಲ್ ಕಳುಹಿಸಿ, "ನಿಮ್ಮ ಅರಶಿನ ಹಾಲು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ" ಎಂದಿದ್ದನಂತೆ.

ಅವನ ಮಾತು ಅರ್ಧ ಸರಿ. ಅರಶಿನ ಪುಡಿಯಲ್ಲಿ ಅದರ ಮುಖ್ಯ ಸತ್ವವಾದ ಕರ್ಕ್ಯುಮಿನ್ ಇರುವುದೇ ಸುಮಾರು ಶೇಕಡಾ 3. ಅದು ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಕರುಳಿನ ಗೋಡೆ ದಾಟಿದ್ದನ್ನೂ ಕರುಳು ಮತ್ತು ಯಕೃತ್ತು ಬೇಗನೆ ರೂಪ ಬದಲಿಸಿ ಹೊರಗೆ ಕಳುಹಿಸುತ್ತವೆ. ಕಾಳುಮೆಣಸಿಗೆ ಖಾರ ಕೊಡುವ ಪೈಪರಿನ್ ಆ ಕೆಲಸಕ್ಕೆ ತಡೆ ಹಾಕುತ್ತದೆ. 1998ರಲ್ಲಿ ಪ್ರಕಟವಾದ ಬೆಂಗಳೂರಿನದೇ ಅಧ್ಯಯನವೊಂದರಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಹೀರಿಕೆ ಸುಮಾರು ಇಪ್ಪತ್ತು ಪಟ್ಟು ಹೆಚ್ಚಿತ್ತು. ಆದರೆ ಚಿಟಿಕೆಯಷ್ಟರ ಇಪ್ಪತ್ತು ಪಟ್ಟು ಎಷ್ಟಾದೀತು? ಮೇಲಾಗಿ ಅದೇ ತಡೆ ಬೇರೆ ಕೆಲವು ಔಷಧಿಗಳಿಗೂ ಬಿದ್ದು, ಅವು ರಕ್ತದಲ್ಲಿ ಹೆಚ್ಚಾಗಬಹುದು. ಅಡುಗೆಯ ನಾಲ್ಕು ಕಾಳಿಗೆ ನಾನು ಹೆದರುವುದಿಲ್ಲ, ಸಾರ ತುಂಬಿದ ಕ್ಯಾಪ್ಸೂಲಿಗೆ ಹೆದರುತ್ತೇನೆ. ಅಂಥವುಗಳಿಂದ ಅಪರೂಪಕ್ಕೆ ಯಕೃತ್ತಿಗೆ ಹಾನಿಯಾದ ವರದಿಗಳಿವೆ; ಅಮೃತಬಳ್ಳಿಯ ಮೇಲೂ ಇವೆ.

ಇಲ್ಲಿ ನಿಜವಾಗಿ ತೊಡಕಾದದ್ದು ಹಾಲು. ಅದರ ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆಯನ್ನು ಹಿಡಿದುಕೊಂಡು, ಪೂರ್ತಿ ಹೀರಿಕೆಯಾಗಲು ಬಿಡುವುದಿಲ್ಲ. ಮಾತ್ರೆಯನ್ನು ಯಾವುದರ ಜತೆ ನುಂಗುತ್ತೀರಿ ಎಂದು ಯಾರೂ ಕೇಳಿರಲಿಲ್ಲ.

ಹೇಳಿದ್ದು ಇಷ್ಟು. ಐದು ಗಂಟೆಗೆ ಬರೀ ನೀರಿನಲ್ಲಿ ಮಾತ್ರೆ. ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಅರಶಿನ ಹಾಲು ರಾತ್ರಿಗೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿದ್ದರೆ ನಾಲ್ಕು ಗಂಟೆ ಅಂತರ. ಕ್ಯಾಪ್ಸೂಲ್ ಮತ್ತು ದಿನವೂ ಕುಡಿಯುವ ಕಷಾಯವನ್ನು ವೈದ್ಯರಿಗೆ ತೋರಿಸುವವರೆಗೆ ನಿಲ್ಲಿಸಿ. ಮುಖ್ಯವಾಗಿ, ಹಾಲು ಬಿಟ್ಟ ಸಂಗತಿಯನ್ನು ಇವತ್ತೇ ವೈದ್ಯರಿಗೆ ತಿಳಿಸಿ. ಏರಿಸಿದ ಪ್ರಮಾಣ ಈಗ ಪೂರ್ತಿ ಹೀರಿಕೆಯಾದರೆ ಎದೆಬಡಿತ, ನಡುಕ ಶುರುವಾಗಬಹುದು. ಆರರಿಂದ ಎಂಟು ವಾರಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸಿ.

"ಹಾಗಾದರೆ ಆಟಿ ಅಮಾವಾಸ್ಯೆಯ ಹಾಲೆ ಕಷಾಯ?" ಎಂದು ಅಳುಕುತ್ತಲೇ ಕೇಳಿದರು. ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಯ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಯುವ, ಹಾಲೆ ಮರದ ತೊಗಟೆಯ ಕಷಾಯ ಅದು. ಅದನ್ನೂ ವೈದ್ಯರಲ್ಲಿ ಕೇಳಿ. ಅವರು ಒಪ್ಪಿದರೆ ಮೊದಲು ಮಾತ್ರೆ, ಗಂಟೆ ಕಳೆದು ಕಷಾಯ, ಆಮೇಲೆ ಮೆಂತೆಗಂಜಿ. ಮರವನ್ನು ತಪ್ಪಿಲ್ಲದೆ ಗುರುತಿಸಬಲ್ಲವರೇ ತೊಗಟೆ ತರಲಿ ಎಂದೆ.

ಎರಡು ತಿಂಗಳ ನಂತರ ಬಂದಾಗ ಟಿಎಸ್‌ಎಚ್ ಇಳಿದಿತ್ತು, ವೈದ್ಯರು ಮಾತ್ರೆಯ ಪ್ರಮಾಣವನ್ನೂ ತಗ್ಗಿಸಿದ್ದರು. ಮಧ್ಯಾಹ್ನದ ನಿದ್ದೆ ಬಿಟ್ಟಿತ್ತು. ಅಳು ಮಾತ್ರ ಮಗನ ಫೋನ್ ಬಂದ ದಿನಗಳಲ್ಲಿ ಇನ್ನೂ ಬರುತ್ತದೆಯಂತೆ. ಮುಂದಿನ ಭೇಟಿಗೆ ಅವನನ್ನೂ ಕರೆದಿದ್ದೇನೆ.