ಜೇಬಿನಲ್ಲೇ ಉಳಿದ ಬಾವುಟ

ಪ್ರಶ್ನೆ: ಅಷ್ಟೊಂದು ಕ್ಯಾಮೆರಾಗಳಿದ್ದೂ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕೊನೆ ಗಳಿಗೆಯ ತಪ್ಪು ತೀರ್ಪನ್ನು ಸರಿಪಡಿಸಲು ಆಗುವುದಿಲ್ಲವೇ?

ಉತ್ತರ: ಕ್ಯಾಮೆರಾಕ್ಕೆ ಕಂಡರೆ ಸಾಲದು, ನಿಯಮವೂ ಒಪ್ಪಬೇಕು. 2019ರ ಜನವರಿ, ನ್ಯೂ ಆರ್ಲಿಯನ್ಸ್. ಸೇಂಟ್ಸ್, ರ‍್ಯಾಮ್ಸ್ ತಂಡಗಳಿಗೆ ತಲಾ 20 ಅಂಕ. ಗೆದ್ದವರಿಗೆ ಸೂಪರ್ ಬೌಲ್, ಅಂದರೆ ಫೈನಲ್. ಎರಡು ನಿಮಿಷವೂ ಉಳಿದಿಲ್ಲ. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ರ‍್ಯಾಮ್ಸ್‌ನ ನಿಕೆಲ್ ರೋಬಿ-ಕೋಲ್ಮನ್ ಓಡಿಬಂದು ಚೆಂಡು ಹಿಡಿಯಬೇಕಿದ್ದ ಸೇಂಟ್ಸ್‌ನ ಟಾಮಿಲೀ ಲೂಯಿಸ್‌ಗೆ ಗುದ್ದಿದರು. ಚೆಂಡಿನ ಕಡೆ ತಿರುಗಿಯೂ ನೋಡಲಿಲ್ಲ. ತಪ್ಪು ಕಂಡಾಗ ರೆಫರಿಗಳು ಎಸೆಯುವ ಹಳದಿ ಬಾವುಟ ಹಾರಲೇ ಇಲ್ಲ. ಆ ದೃಶ್ಯ ನೋಡಿದಾಗಲೆಲ್ಲ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಆಗ ಚೆಂಡು ಹಿಡಿಯುವವರನ್ನು ಹೀಗೆ ಮೊದಲೇ ತಡೆಯುವ ತಪ್ಪು, ಅಂದರೆ ಪಾಸ್ ಇಂಟರ್‌ಫಿಯರೆನ್ಸ್ ವಿಡಿಯೊ ಮರುಪರಿಶೀಲನೆಯ ವ್ಯಾಪ್ತಿಗೇ ಬರುತ್ತಿರಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಸೇಂಟ್ಸ್ 23–26ರಿಂದ ಸೋತಿತು. ಮುಂದಿನ ಸೀಸನ್‌ಗೆ ಅದನ್ನೂ ಮರುಪರಿಶೀಲಿಸುವಂತೆ ನಿಯಮ ಬದಲಿಸಿದರು, ಒಂದೇ ವರ್ಷಕ್ಕೆ ಕೈಬಿಟ್ಟರು. ಕೊನೆಯ ಎರಡು ನಿಮಿಷಕ್ಕಾದರೂ ಅದನ್ನು ಉಳಿಸಿಕೊಳ್ಳಲೇಬೇಕಿತ್ತು.