ಗಾಡಿ ಮಾತು: 86ರ ಮಾರುತಿಗೆ ಯಾವ ಗಾಜು?

ಪ್ರಶ್ನೆ: ಸರ್, ನಮ್ಮ ತಂದೆಯವರ ಮಾರುತಿ 800 ಇನ್ನೂ ನಮ್ಮ ಮನೆಯಲ್ಲೇ ಇದೆ. ಆರ್‌ಸಿಯಲ್ಲಿ 1986 ಅಂತ ಇದೆ. ಮೇ ತಿಂಗಳ ಮಳೆಗಾಳಿಗೆ ಮನೆ ಮುಂದಿನ ಗುಲ್‌ಮೊಹರ್ ಕೊಂಬೆ ಮುರಿದು ಬಿತ್ತು. ಮುಂದಿನ ಗಾಜು ಪುಡಿಪುಡಿ. ಸೀಟಿನ ತುಂಬ ಕಲ್ಲುಸಕ್ಕರೆ ಚೆಲ್ಲಿದ ಹಾಗಿತ್ತು. ಒಂದು ಅಂಗಡಿಯಿಂದ ‘ಮಾರುತಿ 800 ಗ್ಲಾಸ್’ ತಂದೆವು, ಕೂರಲೇ ಇಲ್ಲ. ವಾಪಸ್ ತಗೊಳ್ಳಿ ಅಂದರೆ, ‘ಆರ್‌ಸಿ ನೋಡಿಯೇ ಕೊಟ್ಟಿದ್ದು, ನಿಮ್ಮ ಗಾಡಿಯೇ ಸೊಟ್ಟಗಿದೆ’ ಅಂದರು. ನಮ್ಮ ಮೆಕ್ಯಾನಿಕ್ ಅಕ್ರಿಲಿಕ್ ಶೀಟ್ ಹಾಕಿಬಿಡೋಣ ಅನ್ನುತ್ತಿದ್ದಾನೆ. ಹಾಕಿಸಬಹುದಾ? ಇನ್ಶೂರೆನ್ಸ್ ಸಿಗುತ್ತದಾ? ಕಾರಿನ ಫೋಟೋ ಜೊತೆಗಿದೆ.
— ಓದುಗಿ, ಜಯನಗರ

ಉತ್ತರ: ನಿಮ್ಮ ಗಾಡಿ ಸೊಟ್ಟಗಿಲ್ಲ ತಾಯಿ. ಅವರು ಕೊಟ್ಟ ಗಾಜೂ ಸೊಟ್ಟಗಿರಲಿಕ್ಕಿಲ್ಲ. ಅದು ಬೇರೆ ಕಾರಿನ ಗಾಜು, ಅಷ್ಟೇ.

ಮಾರುತಿ 800 ಅನ್ನುವ ಒಂದೇ ಹೆಸರಲ್ಲಿ ಎರಡು ಬಾಡಿ ಬಂದಿವೆ. 1983ರ ಡಿಸೆಂಬರ್‌ನಲ್ಲಿ ಇಂದಿರಾ ಗಾಂಧಿ ಮೊದಲ ಕೀಲಿ ಕೊಟ್ಟರಲ್ಲ, ಆ ಕಾರು ಸುಜುಕಿಯ ಎಸ್‌ಎಸ್80. ಪೆಟ್ಟಿಗೆ ಹಾಗೆ ಚೌಕ. 1986ರಲ್ಲಿ ಬಾಡಿಯನ್ನೇ ಬದಲಾಯಿಸಿದರು. ಆಮೇಲೆ ಮೂತಿ, ಲೈಟು, ಬಂಪರ್ ಅಂತ ಆಗಾಗ ಏನೇನೋ ತಿದ್ದಿದರೂ 2014ರಲ್ಲಿ ನಿಲ್ಲುವವರೆಗೆ ಓಡಿದ್ದು ಆ ಎರಡನೇ ಬಾಡಿಯೇ. ಬೀದಿಯಲ್ಲಿ ಈಗ ಕಾಣುವ 800ಗಳು ಹೆಚ್ಚುಕಮ್ಮಿ ಎಲ್ಲವೂ ಎರಡನೆಯವು. ಅಂಗಡಿಯಲ್ಲಿ ‘800 ಗ್ಲಾಸ್’ ಅಂದರೆ ಹುಡುಗ ಒಳಗೆ ಹೋಗಿ ತರುವುದೂ ಅದನ್ನೇ.

ನೀವು ಕಳಿಸಿದ ಫೋಟೋ ನೋಡಿದೆ. ಮೂಲೆಗಳೆಲ್ಲ ಚೌಕ. ಅದು ಎಸ್‌ಎಸ್80. 1986 ಅನ್ನುವುದೇ ಎಡವಟ್ಟಿನ ವರ್ಷ, ಗಡಿಯಲ್ಲಿ ಬರುತ್ತದೆ. ಆರ್‌ಸಿಯಲ್ಲಿ ರಿಜಿಸ್ಟ್ರೇಷನ್ ಆದ ತಾರೀಕು ಬೇರೆ, ಗಾಡಿ ತಯಾರಾದ ತಿಂಗಳು ಬೇರೆ. ಅಂಗಡಿಯವರು ಬರೀ ವರ್ಷ ಓದಿದ್ದಾರೆ. ಕಾರನ್ನು ನೋಡಿಲ್ಲ.

ಅವರನ್ನು ಬೈಯಲು ನನಗೆ ಬಾಯಿಲ್ಲ. ಜೆ.ಸಿ. ರಸ್ತೆಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರ್ ಹಿಂದೆ 31 ವರ್ಷ ನಿಂತವನು ನಾನು. ಇದೇ ತಪ್ಪನ್ನು ಇದೇ ಕಾರಿಗೆ ಮಾಡಿದ್ದೇನೆ. ತುಮಕೂರಿನ ಕಡೆಯಿಂದ ಬಂದಿದ್ದ ಮೇಷ್ಟ್ರೊಬ್ಬರು ಗಾಜಿಗೆ ಹಳೇ ಕಂಬಳಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋದರು. ಮೂರನೇ ದಿನ ಅದೇ ಕಂಬಳಿ, ಅದೇ ಗಾಜು, ವಾಪಸ್. ಒಂದು ಮಾತೂ ಬೈಯಲಿಲ್ಲ ಅವರು. ‘ಸ್ವಲ್ಪ ದೊಡ್ಡದಾಯ್ತಪ್ಪಾ’ ಅಂದರು, ಅಂಗಿ ಅಳತೆ ತಪ್ಪಿದ ಹಾಗೆ. ಅವತ್ತಿನಿಂದ ಯಾರು ಬಂದು ಗಾಜು ಕೇಳಿದರೂ ಮಾಡೆಲ್ ಯಾವುದು ಅನ್ನುವುದಕ್ಕೆ ಮುಂಚೆ ‘ಬೀಡಿಂಗ್ ತುಂಡು ತಂದಿದ್ದೀರಾ?’ ಅಂತ ಕೇಳುವುದು ಅಭ್ಯಾಸವಾಯಿತು. ಬೀಡಿಂಗ್ ಅಂದರೆ ಗಾಜಿನ ಸುತ್ತ ಕೂರುವ ರಬ್ಬರ್ ಪಟ್ಟಿ.

ನಿಮಗೂ ಅದನ್ನೇ ಹೇಳುತ್ತೇನೆ. ಹಳೇ ಗಾಡಿಯ ಗಾಜನ್ನು ಹೆಸರು ಹೇಳಿ ತರಬೇಡಿ. ಗಾಜು, ಬೀಡಿಂಗ್ ರಬ್ಬರು, ಅದು ಕೂರುವ ತಗಡಿನ ಅಂಚು, ಈ ಮೂರೂ ಒಂದಕ್ಕೊಂದು ಹೊಂದಬೇಕು. ಒಂದನ್ನೇ ನೋಡಿ ತಂದರೆ ಆಟೋ ಬಾಡಿಗೆ ದಂಡ.

ಈಗ ನಿಮ್ಮ ಕಲ್ಲುಸಕ್ಕರೆ ವಿಷಯ. ಗಾಜು ಹಾಗೆ ಕಾಳುಕಾಳಾಗಿ ಉದುರಿತು ಅಂದರೆ ಅದು ಟಫನ್ಡ್ ಗಾಜು. ಈಗಿನ ಕಾರುಗಳ ಮುಂದಿನ ಗಾಜು ಲ್ಯಾಮಿನೇಟೆಡ್. ಎರಡು ತೆಳು ಗಾಜು, ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಪದರ. ಪದರ ಸಾಮಾನ್ಯವಾಗಿ 0.76 ಮಿ.ಮೀ., ಉಗುರಿನಷ್ಟು ತೆಳು. ಕಲ್ಲು ಬಿದ್ದರೆ ಜೇಡರ ಬಲೆ ಹಾಗೆ ಬಿರುಕು ಬಿಡುತ್ತದೆ, ಆದರೆ ಜಾಗ ಬಿಟ್ಟು ಕದಲುವುದಿಲ್ಲ. ಟಫನ್ಡ್ ಹಾಗಲ್ಲ. ಒಂದು ಕಡೆ ಹೋದರೆ ಪೂರ್ತಿ ಹೋಯಿತು. ನಿಂತ ಗಾಡಿಯ ಮೇಲೆ ಕೊಂಬೆ ಬಿದ್ದಿದ್ದಕ್ಕೆ ಬರೀ ಸೀಟು ಗುಡಿಸಿದಿರಿ. ಮೈಸೂರು ರಸ್ತೆಯಲ್ಲಿ 80ರ ಸ್ಪೀಡಿನಲ್ಲಿ ಲಾರಿ ಚಕ್ರದಿಂದ ಸಿಡಿದ ಕಲ್ಲಾಗಿದ್ದರೆ ಎದುರಿಗೆ ಏನೂ ಕಾಣುತ್ತಿರಲಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಜಾರಿಯಾಗಿ ಮೂರು ವರ್ಷದ ನಂತರ ತಯಾರಾದ ಕಾರುಗಳಿಗೆ ಮುಂದಿನ ಗಾಜು ಲ್ಯಾಮಿನೇಟೆಡ್ ಇರಲೇಬೇಕು. ನಿಮ್ಮದು ಅದಕ್ಕೂ ಹಿಂದಿನದು. ಟಫನ್ಡ್ ಹಾಕಿಸಿದರೆ ಈ ನಿಯಮ ತಡೆಯುವುದಿಲ್ಲ, ನಾನು ತಡೆಯುತ್ತೇನೆ. ಹೇಗೂ ಹೊಸದು ಹಾಕಿಸುತ್ತಿದ್ದೀರಿ, ಲ್ಯಾಮಿನೇಟೆಡ್ ಹಾಕಿಸಿ. ಗಾಜಿನ ಮೂಲೆಯಲ್ಲಿ ಮಸುಕು ಬಿಳಿ ಮುದ್ರೆ ಇರುತ್ತದೆ. ಅದರಲ್ಲಿ ಐಎಸ್ 2553 ಮತ್ತು ಐಎಸ್‌ಐ ಗುರುತು ನೋಡಿ. ಲ್ಯಾಮಿನೇಟೆಡ್ ಅಂತಲೂ ಬರೆದಿರುತ್ತದೆ. ನಂಬಿಕೆ ಬರದಿದ್ದರೆ ಬರಿಯ ಅಂಚನ್ನು ಬಿಸಿಲಿಗೆ ಹಿಡಿದು ನೋಡಿ. ಬ್ರೆಡ್ ನಡುವೆ ಜಾಮ್ ಹಚ್ಚಿದ ಹಾಗೆ ಒಂದು ಗೆರೆ ಕಾಣುತ್ತದೆ.

ಅಕ್ರಿಲಿಕ್ ಬೇಡವೇ ಬೇಡ. ನಿಯಮ ಕೇಳುವುದು ಸೇಫ್ಟಿ ಗ್ಲಾಸ್. ಅದು ಬಿಡಿ, ಎರಡು ಮಳೆ ವೈಪರ್ ಆಡಿದರೆ ಸಾಕು, ಶೀಟಿನ ತುಂಬ ಗೀರು. ರಾತ್ರಿ ಎದುರು ಗಾಡಿಯ ಲೈಟು ಆ ಗೀರುಗಳ ಮೇಲೆ ಬಿದ್ದರೆ ರಸ್ತೆ ಮಾಯ. ನಿಮ್ಮ ಮೆಕ್ಯಾನಿಕ್ ಕೆಟ್ಟವನಲ್ಲ, ಗಾಜು ಹುಡುಕುವುದಕ್ಕೆ ಸೋಮಾರಿ.

ಎಲ್ಲಿ ಹುಡುಕಬೇಕು? ಜೆ.ಸಿ. ರಸ್ತೆಯಲ್ಲಿ ಟೌನ್‌ಹಾಲ್ ಕಡೆಯಿಂದ ಮಿನರ್ವ ಸರ್ಕಲ್ ಕಡೆಗೆ ನಡೆಯಿರಿ. ಬೆಳಿಗ್ಗೆ ಅಂಗಡಿ ತೆಗೆದು ಪೂಜೆ ಮುಗಿದ ಹೊತ್ತಿಗೆ ಹೋಗಿ. ಮಧ್ಯಾಹ್ನದ ಮೇಲೆ ಗ್ಯಾರೇಜ್ ಹುಡುಗರ ಗದ್ದಲದಲ್ಲಿ ನಿಮ್ಮ ಮಾತು ಯಾರೂ ಕೇಳುವುದಿಲ್ಲ. ‘ಮಾರುತಿ 800’ ಅನ್ನಬೇಡಿ, ‘ಎಸ್‌ಎಸ್80’ ಅನ್ನಿ. ಕೌಂಟರಿನ ಹುಡುಗನಿಗೆ ತಿಳಿಯದಿದ್ದರೆ ಗಲ್ಲಾದಲ್ಲಿ ಕೂತ ಹಿರಿಯರನ್ನು ಕೇಳಿ. ಅಟ್ಟದ ಮೇಲೆ ಹಳೇ ಸ್ಟಾಕ್ ಇದ್ದರೆ ಅವರಿಗೇ ನೆನಪಿರುವುದು.

ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ. ಅಲ್ಲಿ ಲ್ಯಾಮಿನೇಟೆಡ್ ಸಿಕ್ಕರೂ ಕಣ್ಣುಮುಚ್ಚಿ ತರಬೇಡಿ. ಅಂಚಿನಲ್ಲಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿದ್ದರೆ ಪದರ ಬಿಡುತ್ತಿದೆ ಅಂತ ಅರ್ಥ. ಬೆರಳಲ್ಲ, ಉಗುರು ಆಡಿಸಿ ನೋಡಿ, ಅಂಚಿನ ಸಣ್ಣ ಚಕ್ಕೆಯೂ ಸಿಗುತ್ತದೆ. ಅಂಥದ್ದು ಕೂರಿಸುವಾಗಲೇ ಸೀಳುತ್ತದೆ. ಇನ್ನೊಂದು: ಗಾಜನ್ನು ಕಾರಿನಲ್ಲಿರುವಷ್ಟೇ ಓರೆಯಾಗಿ ಹಿಡಿಸಿ, ಅದರ ಮೂಲಕ ದೂರದ ಲೈಟ್ ಕಂಬ ನೋಡುತ್ತಾ ತಲೆಯನ್ನು ಮೆಲ್ಲಗೆ ಅತ್ತಿತ್ತ ಆಡಿಸಿ. ಕಂಬ ಹಾವಿನ ಹಾಗೆ ಕುಣಿದರೆ ಬಿಟ್ಟು ಬನ್ನಿ. ಅಂಥ ಗಾಜಿನ ಹಿಂದೆ ಒಂದು ಗಂಟೆ ಕೂತರೆ ತಲೆನೋವು ಗ್ಯಾರಂಟಿ.

ಎಲ್ಲೂ ಸಿಗಲಿಲ್ಲ ಅಂದರೆ ಮಾಡಿಸುವುದೇ ದಾರಿ. ಎರಡು ಗಾಜಿನ ಹಾಳೆಯನ್ನು ಒಂದರ ಮೇಲೊಂದು ಇಟ್ಟು, ಅಚ್ಚಿನ ಮೇಲೆ ಸುಮಾರು 600 ಡಿಗ್ರಿವರೆಗೆ ಕಾಯಿಸುತ್ತಾರೆ. ಗಾಜು ತನ್ನ ಭಾರಕ್ಕೇ ಬಗ್ಗಿ ಅಚ್ಚಿನ ಆಕಾರಕ್ಕೆ ಬರುತ್ತದೆ. ಆಮೇಲೆ ನಡುವೆ ಪದರ ಇಟ್ಟು ಒತ್ತಡದಲ್ಲಿ ಬೇಯಿಸುತ್ತಾರೆ. ಒಂದೇ ಒಂದು ಗಾಜಿಗೆ ಅಚ್ಚು ಮಾಡಿಸಿದರೆ ಅಚ್ಚಿನ ಖರ್ಚೆಲ್ಲ ನಿಮ್ಮ ತಲೆ ಮೇಲೆ. ಹಳೇ ಕಾರು ಇಟ್ಟುಕೊಂಡವರ ಕೂಟಗಳು ಊರಲ್ಲಿವೆ. ಎಸ್‌ಎಸ್80 ಇರುವ ಇನ್ನೂ ನಾಲ್ಕು ಜನ ಸೇರಿದರೆ ಖರ್ಚು ಹಂಚಿಹೋಗುತ್ತದೆ. ಇನ್ನೂ ಮುಖ್ಯವಾಗಿ, ಅವರಲ್ಲಿ ಒಬ್ಬರ ಗಾಜು ನಿಮಗೆ ಸ್ಯಾಂಪಲ್ ಆಗುತ್ತದೆ. ನಿಮ್ಮದು ಪುಡಿಯಾಗಿದೆ, ತೋರಿಸಲು ಏನೂ ಉಳಿದಿಲ್ಲ ಅಲ್ವಾ.

ಸ್ಯಾಂಪಲ್ ಕಾರು ಸಿಕ್ಕರೆ ಫ್ರಿಜ್ ಬಂದ ರಟ್ಟಿನ ಡಬ್ಬದ ಒಂದು ಮಗ್ಗುಲನ್ನು ಗಾಜಿನ ಮೇಲೆ ಒತ್ತಿ ಹಿಡಿದು ಅಂಚು ಗುರುತು ಮಾಡಿಕೊಳ್ಳಿ. ನ್ಯೂಸ್‌ಪೇಪರ್ ಬೇಡ, ಸುಕ್ಕಾಗುತ್ತದೆ. ಮೇಲಿನ ಅಗಲ, ಕೆಳಗಿನ ಅಗಲ, ನಡುವಿನ ಎತ್ತರ, ಎರಡೂ ಕರ್ಣ ಅಳೆಯಿರಿ. ಇಷ್ಟನ್ನು ಎಲ್ಲರೂ ಅಳೆಯುತ್ತಾರೆ. ಬಿಟ್ಟುಹೋಗುವುದು ಬಾಗು. ಮೂಲೆಯಿಂದ ಮೂಲೆಗೆ ಗಾಜಿನ ಒಳಗಡೆ ದಾರ ಬಿಗಿಯಾಗಿ ಹಿಡಿದು, ನಡುವೆ ದಾರಕ್ಕೂ ಗಾಜಿಗೂ ಎಷ್ಟು ಅಂತರ ಇದೆ ಬರೆದುಕೊಳ್ಳಿ. ರಬ್ಬರಿನೊಳಗೆ ಹೊಕ್ಕಿರುವ ಅಂಚು ಹೊರಗೆ ಕಾಣುವುದಿಲ್ಲ, ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ಅದಕ್ಕೇ ಬೀಡಿಂಗ್ ತುಂಡು ಬೇಕು ಅಂದಿದ್ದು.

ನಿಮ್ಮ ಹಳೇ ಬೀಡಿಂಗ್ ಎಸೆದಿಲ್ಲ ತಾನೇ? ಎಸೆದಿದ್ದರೆ ಕಸದವರು ಬರುವ ಮುಂಚೆ ಎತ್ತಿಟ್ಟುಕೊಳ್ಳಿ. ಎರಡು ಇಂಚು ಕತ್ತರಿಸಿ ಪರ್ಸಿನಲ್ಲಿ ಹಾಕಿಕೊಳ್ಳಿ. ಅಡ್ಡ ಕೊಯ್ದು ನೋಡಿದರೆ ಇಂಗ್ಲಿಷಿನ ‘ಎಚ್’ ಮಗ್ಗುಲಾಗಿ ಮಲಗಿದ ಹಾಗೆ ಇರುತ್ತದೆ. ಒಂದು ಸೀಳಿನಲ್ಲಿ ಗಾಜು, ಇನ್ನೊಂದರಲ್ಲಿ ತಗಡು. ಹೊಸ ಲ್ಯಾಮಿನೇಟೆಡ್ ನಿಮ್ಮ ಹಳೇ ಟಫನ್ಡ್‌ಗಿಂತ ಮಂದ ಇದ್ದರೆ ಹಳೇ ಸೀಳಿನಲ್ಲಿ ಕೂರುವುದಿಲ್ಲ. ತೆಳುವಿದ್ದರೆ ಮಳೆ ನೀರು ಒಳಗೆ. ಕಾಳುಗಳಲ್ಲಿ ಎರಡು ಇಟ್ಟುಕೊಂಡಿದ್ದರೆ ಅದರ ಮಂದವೇ ಹಳೇ ಗಾಜಿನ ಮಂದ. ನಲವತ್ತು ವರ್ಷದ ರಬ್ಬರು ಹೇಗೂ ಕಟ್ಟಿಗೆಯಾಗಿರುತ್ತದೆ, ಅದನ್ನೇ ಮತ್ತೆ ಹಾಕಬೇಡಿ. ಅದು ಬರೀ ಅಳತೆಗೆ.

ಹೊಸ ಗಾಜು ಮನೆಗೆ ಬರುವ ಮುಂಚೆ ಒಂದು ಕೆಲಸ ಇದೆ. ಬೀಡಿಂಗ್ ಕೂರುವ ತಗಡಿನ ಅಂಚನ್ನು ಸುತ್ತ ಸವರಿ ನೋಡಿ. ಕೆಳಗಿನ ಎರಡು ಮೂಲೆ ವಿಶೇಷವಾಗಿ, ನೀರು ನಿಲ್ಲುವುದು ಅಲ್ಲೇ. ಮಳೆಗಾಲದಲ್ಲಿ ಕಾಲಡಿಯ ಮ್ಯಾಟು ಮುಗ್ಗಲು ವಾಸನೆ ಬರುತ್ತಿತ್ತಾ? ಹಾಗಿದ್ದರೆ ತುಕ್ಕು ಇದೆ ಅಂತಲೇ ಲೆಕ್ಕ. ತುಕ್ಕು ತಗಡನ್ನು ಉಬ್ಬಿಸುತ್ತದೆ. ಆ ಉಬ್ಬು ಕಡಲೆಕಾಳಿನಷ್ಟಿದ್ದರೂ ಸಾಕು, ಗಾಜನ್ನು ಒಂದೇ ಕಡೆ ಒತ್ತುತ್ತಿರುತ್ತದೆ. ಕಲ್ಲೂ ಬಿದ್ದಿಲ್ಲ, ಏನೂ ಇಲ್ಲ, ತಿಂಗಳೊಳಗೆ ಹೊಸ ಗಾಜು ಮೂಲೆಯಿಂದ ಬಿರುಕು ಬಿಟ್ಟಿತು ಅಂತ ಎಷ್ಟೋ ಜನ ನಮ್ಮ ಅಂಗಡಿಗೆ ಜಗಳಕ್ಕೆ ಬರುತ್ತಿದ್ದರು. ಹೋಗಿ ಬೀಡಿಂಗ್ ಎತ್ತಿದರೆ ಬಹಳ ಸಲ ಅಲ್ಲೊಂದು ಉಬ್ಬು. ಟಿಂಕರ್ ಹತ್ತಿರ ತುಕ್ಕು ಕೆರೆಸಿ, ಮಟ್ಟ ಮಾಡಿಸಿ, ಪ್ರೈಮರ್ ಮತ್ತು ಪೇಂಟ್ ಹೊಡೆಸಿ. ಪೇಂಟ್ ಪೂರ್ತಿ ಒಣಗಲಿ.

ಕೂರಿಸುವಾಗ ಹತ್ತಿರ ನಿಂತು ನೋಡಿ. ಬಲ್ಲವನು ಬೀಡಿಂಗನ್ನು ಮೊದಲು ಗಾಜಿಗೆ ತೊಡಿಸುತ್ತಾನೆ. ಹೊರ ಸೀಳಿನ ಸುತ್ತ ಗಟ್ಟಿ ಹುರಿ ಸೇರಿಸಿ, ಎರಡೂ ತುದಿಯನ್ನು ಕೆಳಗೆ ನಡುವೆ ದಾಟಿಸಿ ಕಾರಿನ ಒಳಗೆ ಬಿಡುತ್ತಾನೆ. ಸೋಪಿನ ನೀರು ಹಚ್ಚಿ, ಹೊರಗಿನಿಂದ ಒಬ್ಬ ಅಂಗೈಯಲ್ಲಿ ಮೆತ್ತಗೆ ತಟ್ಟುತ್ತಾ ಬಂದರೆ, ಒಳಗಿನವನು ಹುರಿ ಎಳೆಯುತ್ತಾನೆ. ರಬ್ಬರಿನ ತುಟಿ ಪಟಪಟ ಅಂತ ತಗಡನ್ನು ದಾಟಿ ಒಳಗೆ ಬರುತ್ತದೆ. ನೋಡಲು ಚೆನ್ನಾಗಿರುತ್ತದೆ. ಯಾರಾದರೂ ಸ್ಕ್ರೂಡ್ರೈವರ್ ಹಾಕಿ ಮೀಟಲು ಶುರು ಮಾಡಿದರೆ ಅಲ್ಲೇ ನಿಲ್ಲಿಸಿ, ಕಾಫಿ ಕೊಟ್ಟು ಕಳಿಸಿಬಿಡಿ.

ಇನ್ಶೂರೆನ್ಸ್: ಇಷ್ಟು ಹಳೇ ಗಾಡಿಗೆ ಬಹಳ ಜನ ಥರ್ಡ್ ಪಾರ್ಟಿ ಮಾತ್ರ ಮಾಡಿಸಿರುತ್ತಾರೆ. ಅದರಲ್ಲಿ ನಿಮ್ಮ ಗಾಜಿಗೆ ಏನೂ ಬರುವುದಿಲ್ಲ. ಪ್ಯಾಕೇಜ್ ಪಾಲಿಸಿ ಇದ್ದರೆ ಗಾಜಿಗೆ ಸವಕಳಿ ಕಡಿತ ಇಲ್ಲ, ರಬ್ಬರಿಗೆ ಅರ್ಧ ಹಿಡಿಯುತ್ತಾರೆ. ಕಡ್ಡಾಯವಾಗಿ ನಿಮ್ಮ ಕೈಯಿಂದ ಹೋಗುವ ಸಾವಿರ ರೂಪಾಯಿ ಬೇರೆ. ಜೊತೆಗೆ ನೋ ಕ್ಲೈಮ್ ಬೋನಸ್‌ಗೂ ಪೆಟ್ಟು ಬೀಳಬಹುದು. ಎರಡನ್ನೂ ತೂಗಿ ನೋಡಿ. ಕ್ಲೈಮ್ ಮಾಡುವುದಾದರೆ ಸರ್ವೇಯರ್ ನೋಡುವವರೆಗೆ ರಿಪೇರಿ ಶುರು ಮಾಡಬೇಡಿ. ಹಳೇ ಗಾಜಿನ ಮೇಲೆ ಫಾಸ್ಟ್ಯಾಗ್ ಇತ್ತಾ? ಅದನ್ನು ಕಿತ್ತು ಇನ್ನೊಂದಕ್ಕೆ ಅಂಟಿಸಲು ಆಗುವುದಿಲ್ಲ, ಕೊಟ್ಟ ಬ್ಯಾಂಕಿನಲ್ಲೇ ಬದಲಿ ಕೇಳಿ.

ಪ್ರಶ್ನೆ: ನಮ್ಮದು ಹಳೇ ಮಹೀಂದ್ರ ಜೀಪು, ತೋಟದ ಓಡಾಟಕ್ಕೆ ಇಟ್ಟಿದ್ದೇವೆ. ಮುಂದಿನ ಗಾಜು ಚಪ್ಪಟೆ. ಮನೆ ಕಿಟಕಿಗೆ ಗಾಜು ಹಾಕುವವನು ‘ನಾನೇ ಕತ್ತರಿಸಿ ಕೊಡ್ತೀನಿ’ ಅನ್ನುತ್ತಾನೆ. ಆಗುತ್ತದಾ?
— ಓದುಗರು, ಯಲಹಂಕ

ಉತ್ತರ: ಕತ್ತರಿಸುವುದು ಆಗುತ್ತದೆ. ಯಾವ ಗಾಜು ಅನ್ನುವುದೇ ಪ್ರಶ್ನೆ. ಕಿಟಕಿಯ ಮಾಮೂಲಿ ಗಾಜು ಒಡೆದರೆ ಚಾಕುವಿನಂಥ ಚೂರು, ಅದು ಬೇಡ. ಟಫನ್ಡ್ ಗಾಜನ್ನು ಒಮ್ಮೆ ತಯಾರಾದ ಮೇಲೆ ಯಾರಿಗೂ ಕತ್ತರಿಸಲು ಬರುವುದಿಲ್ಲ, ಗೀರು ಹಾಕಿದ ಕೂಡಲೇ ಪುಡಿ. ಲ್ಯಾಮಿನೇಟೆಡ್ ಹಾಳೆಯನ್ನು ಎರಡೂ ಕಡೆ ಗೀರಿ, ನಡುವಿನ ಪದರ ಕೊಯ್ದು ಅಳತೆಗೆ ತರಬಹುದು. ಗಾಡಿಗೆ ಅಂತಲೇ ಮಾಡಿದ, ಮುದ್ರೆ ಇರುವ ಹಾಳೆ ಕೇಳಿ. ಮುದ್ರೆ ಇರುವ ಮೂಲೆಯನ್ನು ಉಳಿಸಿಕೊಂಡು ಕತ್ತರಿಸಲು ಹೇಳಿ, ಎಫ್‌ಸಿಗೆ, ಅಂದರೆ ಗಾಡಿಯ ಫಿಟ್‌ನೆಸ್ ಪರೀಕ್ಷೆಗೆ, ಹೋದಾಗ ತೋರಿಸಬಹುದು. ಅಂಚನ್ನು ಉಜ್ಜಿ ನಯ ಮಾಡಿಸದೆ ಫ್ರೇಮಿಗೆ ಹಾಕಬೇಡಿ. ಚಪ್ಪಟೆ ಗಾಜಿನ ಗಾಡಿ ನಿಮ್ಮದು, ಪುಣ್ಯವಂತರು. ಮೇಲಿನ ಕಾಗದ ಬರೆದವರ ಪಾಡು ಓದಿದಿರಲ್ಲ.

ಪ್ರಶ್ನೆ: ಗಾಜಿನ ಮೇಲಿನ ವೈಪರ್ ಗೀರಿಗೆ ಟೂತ್‌ಪೇಸ್ಟ್ ಉಜ್ಜಿದರೆ ಹೋಗುತ್ತದೆ ಅಂತಾರೆ. ನಿಜವೇ?
— ಓದುಗರು, ರಾಜಾಜಿನಗರ

ಉತ್ತರ: ಹಲ್ಲು ಉಜ್ಜಿಕೊಳ್ಳಿ. ಉಗುರು ಆಡಿಸಿದಾಗ ತಡೆಯುವಷ್ಟು ಆಳದ ಗೀರು ಟೂತ್‌ಪೇಸ್ಟಿಗೆ ಹೋಗುವುದಿಲ್ಲ. ಆಳಕ್ಕೆ ಪಾಲಿಶ್ ಹೊಡೆಸಿದರೆ ಅಲ್ಲಿ ಗಾಜು ತಗ್ಗಾಗಿ ನೋಟ ಓಡಾಡುತ್ತದೆ. ಮೊದಲು ವೈಪರ್ ರಬ್ಬರ್ ಬದಲಾಯಿಸಿ. ಒಣಗಿದ ಧೂಳಿನ ಮೇಲೆ ವೈಪರ್ ಹಾಕುವ ಅಭ್ಯಾಸ ಇದ್ದರೆ ಬಿಡಿ, ಒಂದು ಚೊಂಬು ನೀರು ಸುರಿದು ಆಮೇಲೆ ಹಾಕಿ.