ಮೆಡಿಕೇರ್‌ಗೆ ಸುಳ್ಳು ಬಿಲ್: ಪುರಾವೆ ಪೂರ್ತಿ ಸಿಗಲಿ ಅಂತ ಕಾಯಬೇಡಿ

ನಿಮ್ಮ ಕ್ಲಿನಿಕ್ ಮೆಡಿಕೇರ್‌ಗೆ (ಅಮೆರಿಕ ಸರ್ಕಾರ ಮುಖ್ಯವಾಗಿ ವಯಸ್ಸಾದವರಿಗೆ ನಡೆಸುವ ಆರೋಗ್ಯ ವಿಮೆ) ಸುಳ್ಳು ಬಿಲ್ ಕಳಿಸುತ್ತಿದೆ, ಪುರಾವೆ ಎಲ್ಲ ಕೂಡಿಸಿಕೊಂಡು ಆಮೇಲೆ ವಕೀಲರನ್ನು ನೋಡಲಾ ಅಂತ ಕೇಳಿದ್ದೀರಿ. ಬೇಡ. ಈ ವಾರವೇ ಹೋಗಿ.

ನಾನೂ ಅಮೆರಿಕದಲ್ಲಿ ಬಿಲ್ಲಿಂಗ್ ಕೆಲಸದಲ್ಲೇ ಇದ್ದೆ. ಡಾಕ್ಟರ್ ನೋಟ್ಸ್ ಎರಡೇ ಸಾಲು: ಬಿಪಿ ಸರಿಯಿದೆ, ಅದೇ ಮಾತ್ರೆ ಮುಂದುವರಿಸಿ. ಬಿಲ್ಲಿನಲ್ಲಿ ಹೋಗುತ್ತಿದ್ದ ಕೋಡ್ ಮಾತ್ರ 99215, ಅಂದರೆ ಹೆಚ್ಚು ಹಣ ಸಿಗುವ ದೊಡ್ಡ ಭೇಟಿಯದು. ಅದಕ್ಕೆ ಕಾಯಿಲೆ ತುಂಬಾ ಜಟಿಲವಾಗಿರಬೇಕು, ಇಲ್ಲವೇ ಡಾಕ್ಟರ್ ಕನಿಷ್ಠ 40 ನಿಮಿಷ ಕೊಟ್ಟಿರಬೇಕು. ಒಂದೇ ದಿನ ಒಬ್ಬರೇ ಡಾಕ್ಟರ್ ಹೆಸರಲ್ಲಿ ಅಂಥವು 38 ಇದ್ದವು. ಕೂಡಿ ನೋಡಿದೆ, 25 ಗಂಟೆ ದಾಟಿತು.

ಅವತ್ತೇ ವಕೀಲರ ಹತ್ತಿರ ಹೋಗಬೇಕಿತ್ತು. ಎಲ್ಲಾ ಡಾಕ್ಟರುಗಳ, ಎಲ್ಲಾ ತಿಂಗಳ ಲೆಕ್ಕ ಕೈಯಲ್ಲಿದ್ದರೆ ಕೇಸ್ ಗಟ್ಟಿ ಅಂದುಕೊಂಡು ಕೂತೆ. ವರ್ಷ ಕಳೆಯಿತು. ಅಷ್ಟರಲ್ಲಿ ಅಲ್ಲಿಂದ ಕೆಲಸ ಬಿಟ್ಟಿದ್ದ ಇನ್ನೊಬ್ಬರು ಇದೇ ಮೋಸದ ಮೇಲೆ ಕೇಸ್ ಹಾಕಿಬಿಟ್ಟಿದ್ದರು. ನನಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಯಾಕೆ ಅಂದ್ರೆ ಫಾಲ್ಸ್ ಕ್ಲೇಮ್ಸ್ ಆಕ್ಟ್ (ಸರ್ಕಾರಕ್ಕೆ ಮೋಸ ಮಾಡಿದವರ ಮೇಲೆ ಸರ್ಕಾರದ ಪರವಾಗಿ ಖಾಸಗಿ ವ್ಯಕ್ತಿಯೂ ಕೇಸ್ ಹಾಕಬಹುದಾದ ಕಾನೂನು) ಅಡಿ ಹೀಗೆ ಹಾಕುವ ಕೇಸುಗಳು ಮೊದಲು ಸೀಲ್ ಆಗಿ, ಅಂದರೆ ಗುಟ್ಟಾಗಿಯೇ ಕೋರ್ಟಿನಲ್ಲಿ ಇರುತ್ತವೆ. ಕಾನೂನಿನಲ್ಲಿ 60 ದಿನ ಅಂತಿದೆ. ಸರ್ಕಾರ ತನಿಖೆಗೆ ಸಮಯ ಕೇಳುತ್ತಾ ಹೋದರೆ ವರ್ಷಗಳೇ ಆಗುತ್ತವೆ. ಮೊದಲ ಕೇಸ್ ನಡೆಯುತ್ತಿರುವಾಗ ಅದೇ ಮೋಸದ ಮೇಲೆ ಇನ್ನೊಬ್ಬರು ಹಾಕುವಂತಿಲ್ಲ. ಹಾಗಾಗಿ ನಾನು ಆಮೇಲೆ ಹಾಕಿದ್ದು ವಜಾ ಆಯಿತು. ವಸೂಲಾದ ಹಣದಲ್ಲಿ ಕೇಸ್ ಹಾಕಿದವರಿಗೆ ಪಾಲಿದೆ: ಸರ್ಕಾರ ಕೈ ಜೋಡಿಸಿದರೆ ಸಾಮಾನ್ಯವಾಗಿ 15ರಿಂದ 25 ಪರ್ಸೆಂಟ್, ಇಲ್ಲದಿದ್ದರೆ 25ರಿಂದ 30. ನನಗೆ ಅದರಲ್ಲಿ ಒಂದು ಡಾಲರೂ ಇಲ್ಲ. ಅದಕ್ಕಿಂತ ಜಾಸ್ತಿ ಚುಚ್ಚುವುದು ಬೇರೆ. ನಾನು ಲೆಕ್ಕ ಹಾಕುತ್ತಾ ಕೂತಷ್ಟು ದಿನವೂ ಆ ಬಿಲ್ಲುಗಳು ಹೋಗುತ್ತಲೇ ಇದ್ದವು. ವಯಸ್ಸಾದವರ ಚಿಕಿತ್ಸೆಗೆ ಇಟ್ಟ ಹಣ ಅದು.

ಪೂರ್ತಿ ಪುರಾವೆ ನಿಮ್ಮ ಕೈಗೆ ಸಿಗುವುದೂ ಇಲ್ಲ, ಬೇಕಾಗಿಯೂ ಇಲ್ಲ. ಯಾರು, ಯಾವಾಗ, ಹೇಗೆ ಮಾಡಿದರು ಅನ್ನುವುದು ಕೆಲವು ಉದಾಹರಣೆ ಸಮೇತ ಗೊತ್ತಿದ್ದರೆ ವಕೀಲರ ಜೊತೆ ಮಾತಾಡಲು ಸಾಕು. ಕಳಿಸಿದ ಬಿಲ್ಲುಗಳೆಲ್ಲ ಮೆಡಿಕೇರ್ ಹತ್ತಿರವೇ ಇವೆಯಲ್ವಾ? ಸರ್ವರ್ ಪೂರ್ತಿ ಕಾಪಿ ಮಾಡಲು ಹೋಗಬೇಡಿ, ಅದನ್ನೇ ಹಿಡಿದು ಕಂಪನಿ ನಿಮ್ಮ ಮೇಲೆ ತಿರುಗಿ ಬೀಳಬಹುದು. ಏನು ತೆಗೆದುಕೊಳ್ಳಬಹುದು ಅಂತ ವಕೀಲರೇ ಹೇಳಲಿ. ಮೋಸ ಬಯಲಿಗೆಳೆಯಲು ರೋಗಿಯ ಮಾಹಿತಿಯನ್ನು ನಿಮ್ಮ ವಕೀಲರಿಗೆ ತೋರಿಸಲು ಹಿಪಾ (ರೋಗಿಗಳ ಮಾಹಿತಿ ಗುಟ್ಟಾಗಿಡುವ ಅಮೆರಿಕದ ಕಾನೂನು) ನಿಯಮದಲ್ಲೇ ಅವಕಾಶವಿದೆ.

ಮೋಸದ ದೂರು ಕೊಡುವ ಸರ್ಕಾರದ ಹಾಟ್‌ಲೈನ್‌ಗೆ ಫೋನ್ ಮಾಡಿದರೆ ಕೇಸ್ ಹಾಕಿದಂತಾಗುವುದಿಲ್ಲ. ವಕೀಲರಿಲ್ಲದೆ ನೀವೊಬ್ಬರೇ ಹಾಕಲೂ ಕೋರ್ಟುಗಳು ಬಿಡುವುದಿಲ್ಲ. ಇಂಥ ಸೀಲ್ ಕೇಸುಗಳನ್ನು ನಡೆಸಿ ಅನುಭವ ಇರುವವರನ್ನೇ ಹುಡುಕಿ. ಅವರಲ್ಲಿ ಹೆಚ್ಚಿನವರು ಹಣ ವಸೂಲಾದರೆ ಮಾತ್ರ ಫೀಸ್ ತೆಗೆದುಕೊಳ್ಳುತ್ತಾರೆ.

ಮ್ಯಾನೇಜರ್‌ಗೆ ಒಂದು ಮಾತು ಹೇಳಿ ನೋಡೋಣ ಅನ್ನಿಸಿದರೆ, ಅದನ್ನೂ ವಕೀಲರನ್ನು ಕೇಳಿಯೇ ಹೇಳಿ. ಸೇಡಿಗೆ ಕೆಲಸದಿಂದ ತೆಗೆದರೆ ಕೆಲಸ ವಾಪಸ್, ಬಾಕಿ ಸಂಬಳ ಎರಡು ಪಟ್ಟು ಅಂತ ಕಾನೂನು ಹೇಳುತ್ತದೆ. ಆದರೆ ಅದು ಸಿಗುವುದು ಕೋರ್ಟಿನಲ್ಲಿ ಗೆದ್ದ ಮೇಲೆ. ಎಚ್-1ಬಿ ವೀಸಾದಲ್ಲಿದ್ದರೆ ಕೆಲಸ ಹೋದ ಮೇಲೆ ಬೇರೆ ಕೆಲಸ ಹುಡುಕಲು, ಇಲ್ಲವೇ ದೇಶ ಬಿಡಲು ನಿಮಗೆ ಸಿಗುವುದು ಹೆಚ್ಚೆಂದರೆ 60 ದಿನ.